ಕೆಂಚಿಯ ಕೊರಳಿನ ರೇಷ್ಮೆ ಎಳೆ

ಸೊಣ್ಣಮ್ಮನಿಗೆ ನಾಯಿಗಳೆಂದರೆ ಮೊದಲಿನಿಂದಲೂ ಪ್ರಾಣ ಎಂದು ಯಾರಾದರೂ ಬರೆದರೆ ಅದು ಶುದ್ಧ ಸುಳ್ಳು. ಐವತ್ತೊಂದು ವರ್ಷದ ಈ ಹೆಂಗಸು ನಲವತ್ತೈದು ತುಂಬುವವರೆಗೆ ಯಾವ ನಾಯಿಯ ತಲೆಯನ್ನೂ ಸವರಿದವಳಲ್ಲ. ಬೀದಿ ನಾಯಿ ಅಂಗಳಕ್ಕೆ ಕಾಲಿಟ್ಟರೆ ಕೈಗೆ ಸಿಕ್ಕಿದ್ದನ್ನು ಬೀಸುತ್ತಿದ್ದಳು. ಗುರಿ ತಪ್ಪುತ್ತಿರಲಿಲ್ಲ ಎಂದು ಗಂಡ ಮುನಿಶಾಮಪ್ಪ ಈಗಲೂ ಸಾಕ್ಷಿ ಹೇಳುತ್ತಾನೆ. ಅಪಾರ್ಟ್‌ಮೆಂಟುಗಳಿಂದ ನಾಯಿ ಬಿಡಲು ಬರುವವರು, "ನಿಮಗೆ ಚಿಕ್ಕಂದಿನಿಂದಲೂ ಪ್ರಾಣಿಗಳಂದ್ರೆ ತುಂಬಾ ಇಷ್ಟಾನಾ?" ಎಂದು ಕಣ್ಣರಳಿಸಿ ಕೇಳಿದರೆ ಆಕೆಯ ಉತ್ತರ ಒಂದೇ.

"ಇಲ್ಲ ಕಣಮ್ಮ. ನಂಗೆ ಕೆಲ್ಸ ಬೇಕಾಗಿತ್ತು."

ಅದಕ್ಕೂ ಹಿಂದೆ ಇಪ್ಪತ್ತೆರಡು ವರ್ಷ ಆಕೆ ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಬಿಸಿನೀರಿನ ತೊಟ್ಟಿಯಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿರುತ್ತವೆ. ಎಂಟು ಗೂಡುಗಳ ಎಳೆ ಹುಡುಕಿ, ಒಂದಾಗಿ ಸೇರಿಸಿ, ತಿರುಗುವ ರಾಟೆಗೆ ಹತ್ತಿಸಬೇಕು. ಆ ಎಳೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯಬೇಕು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಹಿಡಿದ ಹದ ಒಂದಿಷ್ಟು ತಪ್ಪಿದರೂ ಎಳೆ ಹರಿಯಿತು, ಎಳೆ ಹರಿದರೆ ಮೇಸ್ತ್ರಿಯ ಬಾಯಿ ತೆರೆಯಿತು. ತನ್ನಷ್ಟು ಕಡಿಮೆ ಎಳೆ ಹರಿದವಳು ಆ ಶೆಡ್ಡಿನಲ್ಲಿ ಇನ್ನೊಬ್ಬಳಿರಲಿಲ್ಲ ಎಂದು ಸೊಣ್ಣಮ್ಮ ಹೇಳಿಕೊಳ್ಳುತ್ತಾಳೆ. ಅದರಲ್ಲಿ ಜಂಬ ಇದೆ, ಸುಳ್ಳಿಲ್ಲ.

ಆಮೇಲೆ ತಾವೇ ನೂಲು ಬಿಚ್ಚುವ ಯಂತ್ರಗಳು ಬಂದವು. ಹತ್ತು ಜನರ ಕೆಲಸಕ್ಕೆ ಇಬ್ಬರು ಸಾಕಾದರು. ಕೊನೆಯ ದಿನ ಸೊಣ್ಣಮ್ಮ ತನ್ನ ಕೈಯಾರೆ ಬಿಚ್ಚಿದ ನೂಲಿನ ಒಂದು ಲಡಿಯನ್ನು ಕೇಳಿ ಪಡೆದು ಸೀರೆಯ ಪೆಟ್ಟಿಗೆಯಲ್ಲಿಟ್ಟಳು. ಮಾರನೇ ವಾರ ಅಪ್ಪಯ್ಯಣ್ಣನ ನಾಯಿ ಶಾಲೆಯಲ್ಲಿ ನಾಯಿಮನೆ ತೊಳೆಯುವ ಕೆಲಸಕ್ಕೆ ಸೇರಿದಳು.

ವಿಜಯಪುರದಿಂದ ಸೂಲಿಬೆಲೆಗೆ ಹೋಗುವ ರಸ್ತೆಯ ಬದಿಯಲ್ಲಿ ಆ ಶಾಲೆ ಇದೆ. ಅಪ್ಪಯ್ಯಣ್ಣ ಮಿಲಿಟರಿಯ ಶ್ವಾನದಳದಲ್ಲಿ ಇಪ್ಪತ್ನಾಲ್ಕು ವರ್ಷ ಇದ್ದು ಬಂದವರು. ಊರಿಗೆ ಬಂದವರೇ ಅಪ್ಪನ ಕಾಲದ ದ್ರಾಕ್ಷಿ ತೋಟದಲ್ಲಿ ಅರ್ಧ ಕಿತ್ತು ಮೈದಾನ ಮಾಡಿದರು. ಬಳ್ಳಿ ಹೋಯಿತು, ಅದಕ್ಕೆ ಆಸರೆಯಾಗಿದ್ದ ಕಲ್ಲುಕಂಬಗಳಲ್ಲಿ ಒಂದು ಸಾಲು ಹಾಗೇ ಉಳಿಯಿತು. ಆ ಕಂಬಗಳ ನಡುವೆ ನಾಯಿಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನಡೆಸುವುದು ಅವರ ಪಾಠದ ಮೊದಲ ಅಧ್ಯಾಯ. ಹೊಸದಾಗಿ ಬಂದ ಯಾರಿಗೇ ಆಗಲಿ ಅವರು ಹೇಳುವ ಮಾತು ಇದು: "ನಾಯಿಗೆ ಕನ್ನಡಾನೂ ಬರಲ್ಲ, ಇಂಗ್ಲಿಷೂ ಬರಲ್ಲ. ಅದು ಓದೋದು ನಿನ್ನ ಮೈನ. ಮೈ ಸುಳ್ಳು ಹೇಳಿದ್ರೆ ಬಾಯಿ ಎಷ್ಟು ಬಡ್ಕೊಂಡ್ರೂ ಕೇಳಲ್ಲ."

ಹಗ್ಗ ಹಾಕಿದ ನಾಯಿ ಪಕ್ಕದಲ್ಲಿ ನಡೆಯುವುದು ದೊಡ್ಡ ಮಾತಲ್ಲ, ಹಗ್ಗಕ್ಕೆ ಹೆದರಿಯಾದರೂ ನಡೆದೀತು. ಹಗ್ಗ ಬಿಚ್ಚಿದ ಮೇಲೂ ಯಜಮಾನನ ಎಡಮಂಡಿಗೆ ಭುಜ ತಾಗುವಷ್ಟು ಹತ್ತಿರ ನಡೆಯಬೇಕು. ಅವನು ನಿಂತರೆ ಹೇಳದೆಯೇ ಕೂರಬೇಕು. ಮಲಗು ಎಂದು ಹೇಳಿ ಅವನು ಮರೆಯಾದರೆ ಹತ್ತು ನಿಮಿಷ ಅಲ್ಲಾಡದೆ ಮಲಗಿರಬೇಕು. ಇದನ್ನೆಲ್ಲ ಮೈದಾನದಲ್ಲಿ ಜಡ್ಜ್ ಎದುರು ಮಾಡಿ ತೋರಿಸುವುದೇ ಟ್ರಯಲ್. ಪ್ರತಿ ಪರೀಕ್ಷೆಗೂ ಹತ್ತು ಅಂಕ. ಯಾವುದೊಂದರಲ್ಲಿ ಏಳಕ್ಕಿಂತ ಕಡಿಮೆ ಬಂದರೂ ಮಿಕ್ಕಿದ್ದೆಲ್ಲ ನೀರಿನಲ್ಲಿ ಹೋಮ. ಒಂದು ಸಲ ಕೊಟ್ಟ ಆಜ್ಞೆಯ ಜೊತೆಗೆ ಕೈಸನ್ನೆ ಮಾಡಿದರೆ ಅದಕ್ಕೂ ಅಂಕ ಕಳೆಯುತ್ತಾರೆ. ಸೊಣ್ಣಮ್ಮ ಮೊದಲ ಮೂರು ವರ್ಷ ಇದನ್ನೆಲ್ಲ ನೋಡಿದ್ದು ಕೈಯಲ್ಲಿ ಪೊರಕೆ ಹಿಡಿದುಕೊಂಡೇ.

ಆಗ ಬಂದಳು ಕೆಂಚಿ. ಕಾಗದದಲ್ಲಿ ಅವಳ ಹೆಸರು ಒಂದು ಸಾಲಿನಷ್ಟು ಉದ್ದದ ಇಂಗ್ಲಿಷು. ಕೆಂಗಂದು ಮೈ, ಮಸಿ ಬಳಿದಂಥ ಮೂತಿ, ಬೆಲ್ಜಿಯಂ ಕಡೆಯ ಜಾತಿ. ದೇವನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಪ್ರಮೋದಾ ಎಂಬವರು ಆಸೆಪಟ್ಟು ಸಾಕಿದ್ದರು. ನಾಲ್ಕನೇ ಮಹಡಿಯಲ್ಲಿ ಕೂತು ಕೂತು ಬೇಸತ್ತ ನಾಯಿ ಅವರ ಸೋಫಾ ತಿಂದಿತು, ಕಿಟಕಿಯ ಜಾಲರಿ ತಿಂದಿತು, ಕೊನೆಗೆ ಅತ್ತೆಯವರ ಕಿವಿಯ ಮೆಷಿನ್ನನ್ನೂ ಬಿಡಲಿಲ್ಲ. ಒಂದು ತಿಂಗಳ ತರಬೇತಿಗೆಂದು ತಂದುಬಿಟ್ಟವರು ಎರಡನೇ ತಿಂಗಳು ಫೋನ್ ಮಾಡಿ, "ನೀವೇ ಇಟ್ಕೊಳ್ಳಿ ಸಾರ್, ನಾನು ಬಂದು ನೋಡ್ಕೊಂಡು ಹೋಗ್ತೀನಿ" ಎಂದರು. ಪಾಪ, ಈಗಲೂ ಬಂದು ನೋಡಿಕೊಂಡು ಹೋಗುತ್ತಾರೆ.

ಅಪ್ಪಯ್ಯಣ್ಣ ಕೆಂಚಿಯನ್ನು ತಮ್ಮ ಅಕ್ಕನ ಮಗ ಬೈರೇಶನಿಗೆ ಕೊಟ್ಟರು. ಬೈರೇಶ್ ಕೆಲಸ ಬಲ್ಲವನು. ಎರಡು ನಾಯಿಗಳನ್ನು ಟ್ರಯಲ್‌ನಲ್ಲಿ ಗೆಲ್ಲಿಸಿದವನು. ಗೆದ್ದದ್ದನ್ನು ಮರೆಯಲು ಯಾರಿಗೂ ಬಿಡದವನು. ಅವನ ಕೈಯಲ್ಲಿ ಹಗ್ಗವಿದ್ದಾಗ ಕೆಂಚಿ ಅಪ್ಪಟ ಚಿನ್ನ. ಹಗ್ಗದ ಕೊಂಡಿ ಕಳಚಿದ ಸದ್ದು ಕೇಳಿತೋ, ಅವಳು ದ್ರಾಕ್ಷಿ ತೋಟದ ಆಚೆ ತುದಿಯಲ್ಲಿ. ಮೂರು ತಿಂಗಳು ಅವಳ ಹಿಂದೆ ಓಡಿ ಓಡಿ ಬೈರೇಶನ ಹೊಟ್ಟೆ ಕರಗಿತೇ ಹೊರತು ಕೆಂಚಿ ಬದಲಾಗಲಿಲ್ಲ.

ಒಂದು ಬೆಳಿಗ್ಗೆ ಸೊಣ್ಣಮ್ಮ ಎರಡು ಕೈಯಲ್ಲೂ ನೀರಿನ ಬಕೆಟ್ ಹಿಡಿದು ತೊಟ್ಟಿಯಿಂದ ನಾಯಿಮನೆಗೆ ನಡೆಯುತ್ತಿದ್ದಳು. ಚಿಲಕ ಸರಿಯಾಗಿ ಬಿದ್ದಿರದ ಬಾಗಿಲು ತಳ್ಳಿಕೊಂಡು ಕೆಂಚಿ ಹೊರಗೆ ಬಂದಳು. ಎಲ್ಲರೂ "ಹಿಡೀರೋ" ಎಂದು ಕೂಗುವಷ್ಟರಲ್ಲಿ ಅವಳು ಸೊಣ್ಣಮ್ಮನ ಎಡಕ್ಕೆ ಬಂದು, ಆಕೆಯ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯತೊಡಗಿದಳು. ಸೊಣ್ಣಮ್ಮ ನಿಂತರೆ ನಿಂತಳು, ನಡೆದರೆ ನಡೆದಳು. ಸೊಣ್ಣಮ್ಮ ಅವಳತ್ತ ತಿರುಗಿಯೂ ನೋಡಲಿಲ್ಲ, ನೀರು ಚೆಲ್ಲಬಾರದೆಂಬ ಯೋಚನೆ ಆಕೆಗೆ. ಕಲ್ಲುಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ ಅಪ್ಪಯ್ಯಣ್ಣ ಲೋಟ ಕೆಳಗಿಟ್ಟರು. ಮಾರನೇ ದಿನ ಕೆಂಚಿಯ ಹಗ್ಗ ಸೊಣ್ಣಮ್ಮನ ಕೈಗೆ ಬಂತು.

"ಪೊರಕೆ ಹಿಡಿಯೋ ಕೈಗೆ ನಾಯಿ ಕೊಟ್ಬಿಟ್ರಲ್ಲ ಮಾವ!" ಎಂದು ಬೈರೇಶ್ ನಕ್ಕ. ನಗು ಮುಖದ ಮೇಲಿತ್ತು, ಒಳಗೆ ಇರಲಿಲ್ಲ. ಸೊಣ್ಣಮ್ಮ ಅದನ್ನು ಕೇಳಿಸಿಕೊಂಡೇ ಹಗ್ಗವನ್ನು ಕೈಗೆ ಸುತ್ತಿಕೊಂಡಳು.

ಹಗ್ಗದಿಂದ ನಾಯಿಯನ್ನು ಬಿಡಿಸುವುದಕ್ಕೆ ಶಾಲೆಯಲ್ಲಿ ಒಂದು ಕ್ರಮ ಇತ್ತು. ಮೊದಲು ಚರ್ಮದ ಗಿಡ್ಡ ಹಗ್ಗ, ಆಮೇಲೆ ಉದ್ದನೆಯ ಹಗ್ಗ, ಆಮೇಲೆ ಅದೇ ಹಗ್ಗವನ್ನು ನೆಲಕ್ಕೆ ಬಿಟ್ಟು ಎಳೆದಾಡಿಸುವುದು, ಆಮೇಲೆ ಬಿಚ್ಚುವುದು. ಕೆಂಚಿಗೆ ಈ ಕೊನೆಯ ಮೆಟ್ಟಿಲು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು, ಯಾಕೆಂದರೆ ಕೊರಳ ಮೇಲಿನ ಭಾರ ಒಮ್ಮೆಲೇ ಇಳಿಯುತ್ತಿತ್ತು. ಇದನ್ನು ಸೊಣ್ಣಮ್ಮ ಹತ್ತು ದಿನ ನೋಡಿದಳು. ಹನ್ನೊಂದನೇ ದಿನ ಹಗ್ಗದ ಬದಲು ಸಣಬಿನ ಹುರಿ ಕಟ್ಟಿದಳು. ಒಂದು ವಾರ ಕಳೆದು ಹೂ ಕಟ್ಟುವ ದಾರ. ಆಮೇಲೆ ಹೊಲಿಗೆಯ ನೂಲು. ಅದಾದ ಮೇಲೆ ಮನೆಯಿಂದ ಆ ಲಡಿಯನ್ನು ತಂದು, ಅದರಿಂದ ಒಂದು ಮೊಳ ರೇಷ್ಮೆ ಎಳೆ ಬಿಚ್ಚಿ, ಒಂದು ತುದಿಯನ್ನು ಕೆಂಚಿಯ ಕೊರಳ ಪಟ್ಟಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಎಡಗೈಯ ಎರಡು ಬೆರಳಿನಲ್ಲಿ ಹಿಡಿದಳು. ನಾಯಿ ಒಂದು ಗೇಣು ಮುಂದೆ ಹೋದರೂ ಹರಿದುಹೋಗುವ ಎಳೆ.

"ಅಕ್ಕಾ, ಮುಂದಿನ ವಾರ ರೇಷ್ಮೆ ಸೀರೇನೂ ಉಡಿಸ್ಬಿಡ್ತೀಯಾ?" ಎಂದ ಬೈರೇಶ್.

"ಎಳೆ ಹರಿದ್ರೆ ತಪ್ಪು ನಾಯೀದಲ್ಲ ಕಣಪ್ಪಾ, ಹಿಡ್ದೋಳ್ದು," ಎಂದಳು ಸೊಣ್ಣಮ್ಮ. ಶೆಡ್ಡಿನಲ್ಲಿ ಕಲಿತ ನ್ಯಾಯ ಅದು. ಅದಕ್ಕಿಂತ ಹೆಚ್ಚಿನ ನ್ಯಾಯ ಆಕೆಗೆ ಬೇಕಾಗಿಯೂ ಇರಲಿಲ್ಲ.

ಮೊದಲ ದಿನ ಎಳೆ ಹದಿನೇಳು ಸಲ ಹರಿಯಿತು. ಎರಡನೇ ವಾರ ದಿನಕ್ಕೆ ಎರಡು ಸಲ. ಮೂರನೇ ವಾರ ಹನ್ನೆರಡು ಕಂಬಗಳ ನಡುವೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ, ಓಡುನಡಿಗೆಯಲ್ಲಿ ಹೋಗಿ ಬಂದರೂ ಎಳೆ ಅಖಂಡವಾಗಿತ್ತು. ಎಳೆ ಕಟ್ಟದಿದ್ದ ದಿನವೂ ಕೆಂಚಿ ಹಾಗೇ ನಡೆದಳು. ದ್ರಾಕ್ಷಿ ತೋಟದ ಆಚೆ ತುದಿಯನ್ನು ಅವಳು ಮರೆತೇಬಿಟ್ಟಳು. ಆ ಸಂಜೆ ಮುನಿಶಾಮಪ್ಪ, "ಮೂವತ್ತು ವರ್ಸದಿಂದ ನನ್ನ ಒಂದು ಮಾತೂ ಕೇಳದೋಳು ನಾಯಿಗೆ ಮಾತು ಕೇಳೋದು ಕಲ್ಸಿದ್ಲಂತೆ" ಎಂದು ಊರೆಲ್ಲ ಸಾರಿದ. ಅವನಿಗೂ ಹೆಮ್ಮೆಯೇ, ಹೇಳುವ ರೀತಿ ಹಾಗೆ.

ಹೀಗಿರುವಾಗ ಡಿಸೆಂಬರಿನಲ್ಲಿ ನೆಲಮಂಗಲದ ಹತ್ತಿರ ನಡೆದ ಟ್ರಯಲ್‌ಗೆ ಸೊಣ್ಣಮ್ಮ ಹೋದದ್ದು ಗೆಲ್ಲುತ್ತೇನೋ ಇಲ್ಲವೋ ಎಂಬ ಅನುಮಾನದಿಂದ ಅಲ್ಲ. ಚೂಡಿದಾರ್, ಕ್ಯಾನ್ವಾಸ್ ಷೂ ಹಾಕಿಕೊಂಡು ಸ್ಪರ್ಧೆಯ ರಿಂಗಿಗೆ ಇಳಿದಳು. ಕೆಂಚಿ ಒಂದೂ ತಪ್ಪು ಮಾಡಲಿಲ್ಲ. ಕೂರುವ ಕಡೆ ಕೂತಳು, ಮಲಗುವ ಕಡೆ ಮಲಗಿದಳು. ಆದರೂ ಹಗ್ಗವಿಲ್ಲದ ನಡಿಗೆಗೆ ಬಂದ ಅಂಕ ಹತ್ತಕ್ಕೆ ಐದೂವರೆ. ಕೊಯಮತ್ತೂರಿನಿಂದ ಬಂದಿದ್ದ ಬಿಳಿ ಮೀಸೆಯ ಜಡ್ಜ್ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: ನಡಿಗೆಯುದ್ದಕ್ಕೂ ಎಡಗೈ ಬೆರಳುಗಳಿಂದ ನಾಯಿಗೆ ಸನ್ನೆ.

"ಸನ್ನೆನಾ? ನಾನಾ?" ಸೊಣ್ಣಮ್ಮ ಜಗಳಕ್ಕೇ ಹೊರಟಳು. ಬೈರೇಶ್ ಅವಳನ್ನು ತಡೆದು ಮೊಬೈಲಿನಲ್ಲಿ ತಾನು ತೆಗೆದ ವಿಡಿಯೋ ತೋರಿಸಿದ. ಸೊಣ್ಣಮ್ಮ ನೋಡಿದಳು. ಎಡಗೈ ಪಕ್ಕಕ್ಕೆ ಇಳಿಬಿಟ್ಟಿದೆ, ಸರಿ. ಆದರೆ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗಿವೆ. ನಾಯಿ ತಿರುಗಿದರೆ ಬೆರಳು ಸ್ವಲ್ಪ ಬಿಗಿಯುತ್ತವೆ, ನಿಂತರೆ ಸ್ವಲ್ಪ ಸಡಿಲಾಗುತ್ತವೆ. ಇಲ್ಲದ ಎಳೆಯೊಂದನ್ನು ಆಕೆ ಮೈದಾನದ ತುಂಬ ಹಿಡಿದುಕೊಂಡು ತಿರುಗಿದ್ದಳು. ಕಣ್ಣಾರೆ ಕಂಡ ಮೇಲೆ ಯಾರ ಹತ್ತಿರ ಜಗಳವಾಡುವುದು? ಸೊಣ್ಣಮ್ಮನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ತನ್ನ ಕೈಯ ಮೇಲೆ ಕೋಪ ಬಂತು.

"ಬೇಜಾರ್ ಮಾಡ್ಕೋಬೇಡ ಅಕ್ಕಾ," ಎಂದ ಬೈರೇಶ್. "ಕೆಂಚಿ ನಿನ್ನ ಮಾತಿಗೆ ನಡೀತಿಲ್ಲ, ನಿನ್ನ ಬೆರಳು ನೋಡ್ಕೊಂಡು ನಡೀತಾಳೆ. ಬೆರಳು ಇಲ್ದಿದ್ರೆ ನೋಡು, ಮತ್ತೆ ತೋಟದ ಕಡೆ ಓಟ."

ವಾಪಸು ಬಂದು ಶಾಲೆಯ ಗೇಟು ತೆಗೆಯುವಾಗ ಅಪ್ಪಯ್ಯಣ್ಣ ಹೇಳಿದರು: "ನೋಡು ಸೊಣ್ಣಮ್ಮ. ಮಿಲಿಟ್ರೀಲಿ ಯಾವ ಕೈಗೆ ನಾಯಿ ಹೊಂದ್ಕೊಳ್ತದೋ ಆ ಕೈಗೆ ಕೊಡ್ತಾರೆ. ಅದ್ರಾಗೆ ಅಳೋದು ಕರ್ಯೋದು ಏನಿಲ್ಲ. ಇನ್ನು ಏಳು ವಾರಕ್ಕೆ ಬಾಶೆಟ್ಟಿಹಳ್ಳೀಲಿ ಈ ಸೀಜನ್ನಿನ ಕೊನೇ ಟ್ರಯಲ್ಲು. ಅಲ್ಲೀವರ್ಗೂ ಕೆಂಚಿ ನಿಂದು. ಅಲ್ಲೂ ಬೆರಳು ಆಡ್ತು ಅಂದ್ರೆ ಬೈರೇಶಂಗೆ ಕೊಡ್ತೀನಿ."

"ಆಗ್ಲಿ ಅಣ್ಣ," ಎಂದಳು ಸೊಣ್ಣಮ್ಮ. ದನಿ ಗಟ್ಟಿಯಾಗಿಯೇ ಇತ್ತು. ಮೂರು ಹೆರಿಗೆ, ಒಂದು ಕೆಲಸ ಹೋದದ್ದು, ಎಲ್ಲವನ್ನೂ ತಾಳಿದವಳಿಗೆ ಒಂದು ನಾಯಿ ಬೇರೆಯವರ ಪಕ್ಕ ನಡೆಯುವುದನ್ನು ನೋಡಲಾಗುವುದಿಲ್ಲ ಎಂಬುದು ಅವತ್ತೇ ತಿಳಿದದ್ದು. ಮೊದಲಿನಿಂದ ಪ್ರೀತಿ ಇರಲಿಲ್ಲ ಎಂದರೆ ಈಗಲೂ ಇಲ್ಲ ಎಂದಲ್ಲವಲ್ಲ.

ಬೆರಳು ಬಿಡಿಸಲು ಆಕೆ ಮಾಡದ ಸರ್ಕಸ್ಸಿಲ್ಲ. ಎರಡು ಬೆರಳಿನ ನಡುವೆ ಹತ್ತಿ ಇಟ್ಟು ಪಟ್ಟಿ ಕಟ್ಟಿದಳು. ಆಗ ಹೆಬ್ಬೆರಳು ಹೋಗಿ ಉಂಗುರದ ಬೆರಳನ್ನು ತಾಗಿತು. ಅಂಗೈ ತುಂಬ ಎಣ್ಣೆ ಹಚ್ಚಿಕೊಂಡಳು. ಜಾರಿದರೂ ಬೆರಳು ಮತ್ತೆ ಮತ್ತೆ ಬಂದು ಕೂಡಿಕೊಂಡವು. "ಕೈ ಬಿಟ್ಕೊಂಡು ನಡ್ಯೇ ಅಂದ್ರೆ ಅಷ್ಟೂ ಬರಲ್ವಾ ನಿಂಗೆ?" ಎಂದ ಮುನಿಶಾಮಪ್ಪ. "ನೀನು ಬೀಡಿ ಬಿಟ್ಟು ತೋರ್ಸು, ಆಮೇಲೆ ಕೇಳು" ಎಂದಳು. ಅವನು ಬೀಡಿ ಹಚ್ಚಿಕೊಂಡು ಆಚೆ ಹೋದ.

ಒಂದು ವಾರ ಹೀಗೇ ಕಳೆಯಿತು. ಎಂಟನೇ ದಿನ ಬೆಳಿಗ್ಗೆ ಸೊಣ್ಣಮ್ಮ ತೊಟ್ಟಿಯ ಬಳಿ ನಿಂತು ಎರಡು ಬಕೆಟ್ ತುಂಬಿಸಿ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಕೆಂಚಿ ಮೊದಲ ದಿನ ತನ್ನ ಪಕ್ಕ ಬಂದಾಗ ಕೈಯಲ್ಲಿ ಇದ್ದದ್ದು ಇದೇ ಬಕೆಟ್. ಮುಷ್ಟಿ ಬಿಗಿದಿತ್ತು. ಆಗ ಯಾವ ಬೆರಳು, ಯಾವ ಎಳೆ?

ಆಕೆ ಬಕೆಟ್ ಇಳಿಸಿ, ಕೆಂಚಿಯ ಬಾಗಿಲು ತೆಗೆದು, ಮತ್ತೆ ಬಕೆಟ್ ಎತ್ತಿಕೊಂಡಳು. "ಕೆಂಚಿ, ಹೀಲ್." ಪಕ್ಕದಲ್ಲೇ ನಡೆ ಎಂಬ ಆಜ್ಞೆಯನ್ನು ಒಂದೇ ಸಲ ಹೇಳಿದಳು. ಕಲ್ಲುಕಂಬಗಳ ನಡುವೆ ನಡೆದಳು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಬಕೆಟ್ಟಿನ ನೀರು ತುಳುಕಿ ಷೂ ಒದ್ದೆಯಾಯಿತು. ಕೆಂಚಿ ಎಡಮಂಡಿಗೆ ಅಂಟಿಕೊಂಡೇ ಇದ್ದಳು, ನಿಂತ ಕಡೆಯೆಲ್ಲ ಕೂತಳು. ಒಂದು ಸಲವೂ ಕೈ ಕಡೆ ನೋಡಲಿಲ್ಲ. ಅವಳ ಕಣ್ಣು ಇದ್ದದ್ದು ಸೊಣ್ಣಮ್ಮನ ಮುಖದ ಮೇಲೆ.

"ಅಣ್ಣೋ!" ಸೊಣ್ಣಮ್ಮ ಕೂಗಿದ್ದಕ್ಕೆ ಅರ್ಧ ನಾಯಿಗಳು ಬೊಗಳಿದವು. "ನಾಯಿಗೆ ಬೆರಳು ಬ್ಯಾಡ. ಬೆರಳು ಬೇಕಾಗಿರೋದು ನಂಗೆ!"

ಅಪ್ಪಯ್ಯಣ್ಣ ನೋಡಿದರು. ಮೀಸೆಯೊಳಗೇ ನಕ್ಕರು. "ಅದೇನೋ ಸರಿ ಕಣಮ್ಮ. ಆದ್ರೆ ಬಕೆಟ್ ಹಿಡ್ಕೊಂಡು ರಿಂಗ್ ಒಳಕ್ಕೆ ಬಿಡಲ್ಲ."

ಅರ್ಧ ಗೆದ್ದಿದ್ದಳು. ಉಳಿದರ್ಧ ತನ್ನ ಕೈಯದೇ. ಆ ಕೈ ಯಾಕೆ ಬಿಡುತ್ತಿಲ್ಲ ಎಂದು ಆಕೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಯೋಚಿಸಿದರೆ ಉತ್ತರ ಕಣ್ಣೆದುರೇ ಇತ್ತು. ಇಪ್ಪತ್ತೆರಡು ವರ್ಷ ಆ ಬೆರಳುಗಳಿಗೆ ಒಂದೇ ಒಂದು ಭಯ ಕಲಿಸಿದ್ದಳು: ಬಿಟ್ಟರೆ ಹರಿಯುತ್ತದೆ. ಈಗ ಅವು ಬಿಡು ಎಂದರೆ ಬಿಟ್ಟಾವೆ? ಹರಿದರೂ ಏನೂ ಆಗುವುದಿಲ್ಲ ಎಂದು ಮೊದಲು ಅವುಗಳಿಗೆ ತೋರಿಸಬೇಕು.

ಮಾರನೇ ಬೆಳಿಗ್ಗೆ ಕೆಂಚಿಯ ಕೊರಳಿಗೆ ಎಳೆ ಕಟ್ಟಿ ಹತ್ತು ಹೆಜ್ಜೆ ನಡೆದಳು. ಹತ್ತನೇ ಹೆಜ್ಜೆಗೆ ತಾನೇ ಬೇಕೆಂದು ಅದನ್ನು ಹರಿಯಬೇಕು. ಕೈ ಏಳಲಿಲ್ಲ. ಇಪ್ಪತ್ತು ಹೆಜ್ಜೆ ನಡೆದಳು. ಮೂವತ್ತು. ಚೆನ್ನಾಗಿರುವ ಎಳೆಯನ್ನು, ಅದೂ ತನ್ನ ಕೈಯಾರೆ ಬಿಚ್ಚಿದ್ದನ್ನು, ಸುಮ್ಮನೆ ಹರಿಯುವುದೆಂದರೆ ಆಕೆಗೆ ಅನ್ನದ ತಟ್ಟೆ ತುಳಿದಂತೆ. ಕೊನೆಗೆ ಹಲ್ಲು ಕಚ್ಚಿ, ಮೇಸ್ತ್ರಿಯನ್ನು ನೆನೆದು ಒಂದು ಒಳ್ಳೆಯ ಬೈಗುಳ ಬೈದು, ಕೈ ಜಗ್ಗಿದಳು. ಎಳೆ ಹರಿಯಿತು. ಬೆರಳುಗಳು ಬಿಚ್ಚಿಕೊಂಡವು. ಯಾರೂ ಕೂಗಾಡಲಿಲ್ಲ. ಕೆಂಚಿ ಕೊರಳಲ್ಲಿ ತುಂಡು ಎಳೆ ಇಳಿಬಿಟ್ಟುಕೊಂಡು ಪಕ್ಕದಲ್ಲೇ ನಡೆಯುತ್ತಿದ್ದಳು.

ಬಿಚ್ಚಿಕೊಂಡ ಬೆರಳು ಮತ್ತೆ ಕೂಡುವಷ್ಟರಲ್ಲಿ ಆಕೆ ಇಪ್ಪತ್ತು ಹೆಜ್ಜೆ ನಡೆದಿದ್ದಳು. ಮಾರನೇ ದಿನ ಮೂವತ್ತು. ದಿನವೂ ಒಂದು ಎಳೆ ಕಟ್ಟುವುದು, ಹರಿಯುವುದು, ಅಂಗೈ ಬಿಟ್ಟು ನಡೆಯುವುದು. ಆರು ವಾರದಲ್ಲಿ ಲಡಿ ಅರ್ಧ ಸವೆಯಿತು. ಮೈದಾನದಲ್ಲಿ ಅಲ್ಲಲ್ಲಿ ರೇಷ್ಮೆ ತುಣುಕುಗಳು ಬಿದ್ದು ಬಿಸಿಲಿಗೆ ಮಿನುಗುತ್ತಿದ್ದವು. ಗುಬ್ಬಿಗಳು ಹೆಕ್ಕಿಕೊಂಡು ಹೋದವು. ಬೈರೇಶ್ ನೋಡುತ್ತಿದ್ದ. ತಮಾಷೆ ಮಾಡುವುದನ್ನು ಯಾವಾಗಲೋ ನಿಲ್ಲಿಸಿದ್ದ.

ಬಾಶೆಟ್ಟಿಹಳ್ಳಿಯ ಟ್ರಯಲ್ ನಡೆದದ್ದು ಒಂದು ಶನಿವಾರ, ಕೈಗಾರಿಕಾ ಪ್ರದೇಶದ ಅಂಚಿನ ಮೈದಾನದಲ್ಲಿ. ಏರ್ಪಾಡು ಮಾಡಿದವರು ಬೆಂಗಳೂರಿನವರು. ಶಾಮಿಯಾನ, ಮೈಕು, ನಾಯಿಗಳಿಗೆ ನೆರಳು, ಎಲ್ಲ ಅಚ್ಚುಕಟ್ಟು. ಜಡ್ಜ್ ಅದೇ ಬಿಳಿ ಮೀಸೆಯವರು. ಸೊಣ್ಣಮ್ಮನನ್ನು ಕಂಡು ಗುರುತು ಹಿಡಿದರು, ನಗಲಿಲ್ಲ. ಸೊಣ್ಣಮ್ಮನೂ ನಗಲಿಲ್ಲ.

ಸರದಿ ಬರುವ ಮೊದಲು ಆಕೆ ರಿಂಗಿನ ಹೊರಗೆ ಕೆಂಚಿಯ ಕೊರಳಿಗೆ ಎಳೆ ಕಟ್ಟಿದಳು. ಹತ್ತು ಹೆಜ್ಜೆ ನಡೆದು ಪಟ್ಟನೆ ಹರಿದಳು. ಕೊರಳಲ್ಲಿ ಉಳಿದ ತುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಹಗ್ಗ ಸಿಕ್ಕಿಸಿ ಒಳಗೆ ಹೋದಳು.

"ಹಗ್ಗ ತೆಗೀರಿ ಅಮ್ಮ," ಎಂದಳು ರಿಂಗಿನಲ್ಲಿ ಸೂಚನೆ ಕೊಡುವ ರಮ್ಯಶ್ರೀ. "ಮುಂದೆ ನಡೀರಿ."

"ಕೆಂಚಿ, ಹೀಲ್."

ನಡೆದಳು. ಬಲಕ್ಕೆ, ಎಡಕ್ಕೆ, ನಿಲ್ಲು, ನಡೆ. ನಿಧಾನ ನಡಿಗೆ, ಓಡುನಡಿಗೆ. ಜಡ್ಜ್ ನಾಯಿಯನ್ನು ನೋಡುವುದು ಬಿಟ್ಟು ಆಕೆಯ ಎಡಗೈಯನ್ನೇ ನೋಡುತ್ತ ಪಕ್ಕದಲ್ಲಿ ಬರುತ್ತಿದ್ದರು. ಓಡುನಡಿಗೆಯಿಂದ ನಿಧಾನಕ್ಕೆ ಇಳಿಯುವ ಕಡೆ ಒಮ್ಮೆ ಹೆಬ್ಬೆರಳು ಒಳಗೆ ಸರಿಯಿತು. ಸೊಣ್ಣಮ್ಮನಿಗೆ ತಿಳಿಯಿತು. ತಿಳಿದು ಗಾಬರಿಯಾಗಲಿಲ್ಲ, 'ಹರೀತು ಬಿಡು' ಎಂದುಕೊಂಡಳು. ಅಂಗೈ ಬಿಚ್ಚಿಕೊಂಡಿತು. ಕೊನೆಯ ತಿರುವಿನಲ್ಲಿ ಕೈ ತನ್ನಷ್ಟಕ್ಕೆ ತೂಗಾಡುತ್ತಿತ್ತು, ಸಂತೆಗೆ ಹೊರಟವಳ ಕೈಯಂತೆ. ಹೊರಬರುವಾಗ ಆಕೆಗೆ ಅಂಕದ ಹಾಳೆ ನೋಡುವ ಅವಸರವೂ ಇರಲಿಲ್ಲ. ಗೆದ್ದದ್ದು ಗೊತ್ತಾಗಿತ್ತು.

ಉಳಿದದ್ದು ಒಂದೇ, ಹತ್ತು ನಿಮಿಷದ ಮಲಗುವಿಕೆ. ಆರು ನಾಯಿಗಳನ್ನು ಸಾಲಾಗಿ ಮಲಗಿಸಿ, ಅವುಗಳ ಯಜಮಾನರು ಶಾಮಿಯಾನದ ಹಿಂದೆ ಮರೆಯಾಗಬೇಕು. ನಾಯಿ ಎದ್ದರೆ, ಸರಿದರೆ, ಅಂಕ ಸೊನ್ನೆ, ನಡಿಗೆಯಲ್ಲಿ ಗೆದ್ದದ್ದೂ ಸೊನ್ನೆ. ಬೈರೇಶನ ಟೈಗರ್ ಎಂಬ ಲ್ಯಾಬ್ರಡಾರ್ ಕೆಂಚಿಯ ಪಕ್ಕದಲ್ಲೇ ಇತ್ತು. "ಕೆಂಚಿ, ಡೌನ್. ಸ್ಟೇ." ಸೊಣ್ಣಮ್ಮ ತಿರುಗಿ ನೋಡದೆ ನಡೆದುಹೋದಳು.

ಶಾಮಿಯಾನದ ಹಿಂದೆ ಹೋಗಿ ನಿಂತಾಗ ಬೈರೇಶ್ ಗಡಿಯಾರ ನೋಡಿದ. ನೋಡಿದವನ ಮುಖ ಬಿಳಿಚಿತು. "ಅಕ್ಕಾ, ಎರಡಕ್ಕೆ ಐದು ನಿಮಿಷ ಐತೆ. ಶಿಫ್ಟ್ ಬಿಡೋ ಹೊತ್ತು."

ಬೆಂಗಳೂರಿನವರಿಗೆ ಏನು ಗೊತ್ತು ಪಾಪ. ಎರಡು ಗಂಟೆಗೆ ಸರಿಯಾಗಿ ಪಕ್ಕದ ಕಾರ್ಖಾನೆಯ ಸೈರನ್ ಎದ್ದಿತು. ಅದು ಮುಗಿಯುವ ಮೊದಲೇ ಅದರಾಚೆಯ ಇನ್ನೊಂದು. ಗೇಟುಗಳು ತೆರೆದು ಬೈಕುಗಳೂ ಬಸ್ಸುಗಳೂ ಹಾರ್ನ್ ಹಾಕತೊಡಗಿದವು. ಸೈರನ್ ಕೇಳಿದ ನಾಯಿ ಸುಮ್ಮನಿದ್ದೀತೆ? ಶಾಮಿಯಾನದ ಆಚೆ ಒಂದು ನಾಯಿ ಊಳಿಟ್ಟಿತು, ಇನ್ನೊಂದು ದನಿ ಸೇರಿಸಿತು, ಆಮೇಲೆ ಆರೂ ಶುರು ಮಾಡಿದವು. ಅದರಲ್ಲಿ ಎಲ್ಲಕ್ಕಿಂತ ಸಣ್ಣದಾಗಿ, ಉದ್ದವಾಗಿ ಎದ್ದ ದನಿ ಕೆಂಚಿಯದು.

ಸೊಣ್ಣಮ್ಮನ ಎಡಗೈ ಬೆರಳುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿದ್ದವು. ಹಿಡಿದು ಮಾಡುವುದೇನು? ನಡುವೆ ಶಾಮಿಯಾನದ ಬಟ್ಟೆ, ಅದರಾಚೆ ನಲವತ್ತು ಹೆಜ್ಜೆ. ಇಲ್ಲಿಂದ ಯಾವ ಬೆರಳೂ ಅವಳಿಗೆ ಏನನ್ನೂ ಹೇಳಲಾರದು. ಹೇಳಬೇಕಾದದ್ದನ್ನು ಹೇಳಿ ಬಂದಾಗಿದೆ. ಆಕೆ ಬೆರಳು ಬಿಟ್ಟಳು. ಕಣ್ಣು ಮುಚ್ಚಿ ಬರೀ ಕಿವಿಯಾಗಿ ನಿಂತಳು.

ಒಂದು ದನಿ ಬ್ಯಾರಿಕೇಡಿನ ಕಡೆ ಓಡಿತು. ಇನ್ನೊಂದು ಮೈದಾನದ ನಡುವಿಗೆ ಬಂತು. ಬೈರೇಶ್ "ಟೈಗರ್ರು" ಎಂದು ಹಲ್ಲು ಕಚ್ಚಿದ, ತನ್ನ ನಾಯಿಯ ದನಿ ಅವನಿಗೂ ಗೊತ್ತಲ್ಲ. ಕೆಂಚಿಯ ದನಿ ಏರಿತು, ಇಳಿಯಿತು, ಮತ್ತೆ ಏರಿತು. ಆದರೆ ಎಲ್ಲಿ ಶುರುವಾಗಿತ್ತೋ ಅಲ್ಲಿಂದಲೇ ಬರುತ್ತಿತ್ತು. ಒಂದು ಗೇಣೂ ಆಚೀಚೆ ಆಗಿಲ್ಲ.

"ಇದ್ದಾಳೆ," ಎಂದಳು ಸೊಣ್ಣಮ್ಮ ಕಣ್ಣು ತೆಗೆಯದೆ. "ಬಡ್ಕೊಳ್ತಾವ್ಳೆ, ಆದ್ರೆ ಇದ್ದಲ್ಲೇ ಅವ್ಳೆ."

ಹತ್ತು ನಿಮಿಷ ಮುಗಿದು ವಾಪಸು ಬಂದಾಗ ಸಾಲಿನಲ್ಲಿ ಉಳಿದಿದ್ದವು ಎರಡೇ ನಾಯಿ. ಅದರಲ್ಲೊಂದು ಕೆಂಚಿ. ಹೊಟ್ಟೆ ನೆಲಕ್ಕೆ ಅಂಟಿತ್ತು, ಮುಂಗಾಲು ನೇರ ಚಾಚಿತ್ತು, ಮೂತಿ ಮಾತ್ರ ಆಕಾಶಕ್ಕೆ ಎತ್ತಿ ತನ್ನ ಹಾಡಿನ ಕೊನೆಯ ಚರಣ ಮುಗಿಸುತ್ತಿದ್ದಳು. ಸೊಣ್ಣಮ್ಮ ಪಕ್ಕಕ್ಕೆ ಬಂದು ನಿಂತ ಮೇಲೂ ಏಳಲಿಲ್ಲ. ಏಳು ಎಂದ ಮೇಲೆ ಎದ್ದಳು.

ರಮ್ಯಶ್ರೀ ಮೈಕಿನಲ್ಲಿ ಅಂಕ ಓದಿದಳು. ಹಗ್ಗವಿಲ್ಲದ ನಡಿಗೆ, ಒಂಬತ್ತು. ಮಲಗುವಿಕೆ, ಗಲಾಟೆ ಮಾಡಿದ್ದಕ್ಕೆ ಎರಡು ಕಳೆದು, ಎಂಟು. ಪಾಸ್. ಬಿಳಿ ಮೀಸೆಯ ಜಡ್ಜ್ ಸೊಣ್ಣಮ್ಮನ ಎಡಗೈ ಹಿಡಿದು ಕುಲುಕಿ ತಮಿಳಿನಲ್ಲೇ ಕೇಳಿದರು, ಈ ಕೈಗೆ ಏನು ಔಷಧಿ ಮಾಡಿದಿರಿ ಎಂದು. ನೂಲಿನ ವ್ಯಾಪಾರಕ್ಕೆ ಬರುತ್ತಿದ್ದವರಿಂದ ಸೊಣ್ಣಮ್ಮ ಅಷ್ಟು ತಮಿಳು ಕಲಿತಿದ್ದಳು. ಜೇಬಿನಿಂದ ಆ ತುಂಡು ಎಳೆ ತೆಗೆದು ಅವರ ಅಂಗೈ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಅದನ್ನು ಹುಡುಕುತ್ತ ನಿಂತರು.

ರಿಂಗಿನಲ್ಲಿ ಬಿಚ್ಚಿದ ಕೆಂಚಿಯ ಚರ್ಮದ ಹಗ್ಗವನ್ನು ಅಪ್ಪಯ್ಯಣ್ಣ ಆಗಿನಿಂದ ತಮ್ಮ ಹೆಗಲ ಮೇಲೇ ಹಾಕಿಕೊಂಡಿದ್ದರು, ಯಾರ ಕೈಗೆ ಕೊಡಬೇಕಾಗುತ್ತದೋ ಎಂದು. ಅದನ್ನು ತೆಗೆದು ಸೊಣ್ಣಮ್ಮನ ಹೆಗಲಿಗೆ ಹಾಕಿದರು. "ಇನ್ನು ನನ್ನ ಕೇಳ್ಬೇಡ," ಎಂದಷ್ಟೇ ಹೇಳಿ ವ್ಯಾನಿನ ಕಡೆ ಹೋದರು. ಸೊಣ್ಣಮ್ಮನ ಕಣ್ಣು ತುಂಬಿತು. ಧೂಳಿಗೆ ಎಂದು ಆಕೆ ಹೇಳಿಕೊಳ್ಳಲಿಲ್ಲ, ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ನಾಯಿಗಳಿಗೆ ನೀರು ತರಲು ಎರಡು ಬಕೆಟ್ ಎತ್ತಿಕೊಂಡಳು.

ಟ್ಯಾಂಕರಿನ ನಲ್ಲಿಯ ಬಳಿ ಬೈರೇಶ್ ಕಾದು ನಿಂತಿದ್ದ. ಟೈಗರ್ ಅವನ ಕಾಲಬಳಿ ತಲೆ ತಗ್ಗಿಸಿ ಕೂತಿತ್ತು.

"ಅಕ್ಕಾ," ಎಂದ. "ಆ ಲಡೀಲಿ ಇನ್ನೂ ನೂಲು ಐತಾ?"

ಸೊಣ್ಣಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಪೊರಕೆಯ ಮಾತು ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಅರ್ಧ ಐತೆ. ನಾಳೆ ಬೆಳಗ್ಗೆ ಆರಕ್ಕೆ ಬಾ. ನೀನು ನೀರ್ ತಂದ್ ಹಾಕಿ ಕಸ ಹೊಡ್ದ ಮೇಲೆ ಕೊಡ್ತೀನಿ."

"ಆಯ್ತಕ್ಕಾ," ಎಂದ ಬೈರೇಶ್.

ಸೊಣ್ಣಮ್ಮ ಎರಡು ಕೈಯಲ್ಲೂ ತುಂಬಿದ ಬಕೆಟ್ ಹಿಡಿದು ಮೈದಾನ ದಾಟಿದಳು. ಹಗ್ಗ ಹೆಗಲ ಮೇಲಿತ್ತು. ಕೆಂಚಿ ಎಡಕ್ಕೆ ಬಂದು ಹೆಜ್ಜೆ ಸೇರಿಸಿದಳು, ಯಾರೂ ಕರೆದಿರಲಿಲ್ಲ.